ಎತ್ತಿನ ಬೆನ್ನೇರಿ ಬಂದ ದಫ್ತರ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿ ಬಿಟ್ಟು ರಾಣೆಬೆನ್ನೂರಿನತ್ತ ಹೊರಟರೆ ನಡುವೆ ಸಿಗುವ ಊರು ಮೋಟೆಬೆನ್ನೂರು. ಬ್ಯಾಡಗಿಗೆ ಹೋಗುವ ದಾರಿ ಹೊರಳುವುದು ಇಲ್ಲಿಯೇ. ಸುಗ್ಗಿಯ ದಿನಗಳಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡ ಲಾರಿ, ಟ್ರ್ಯಾಕ್ಟರುಗಳು ಈ ದಾರಿ ಹಿಡಿಯುತ್ತವೆ. ಗಾಳಿ ಬೀಸಿದರೆ ಘಾಟಿಗೆ ಸೀನು ಬರುತ್ತದೆ. ಹಳೆಯ 4ನೇ ನಂಬರಿನ ಹೆದ್ದಾರಿಗೆ ಈಗ 48 ಎಂಬ ಸಂಖ್ಯೆ ಬಂದಿದೆ. ಧಾರವಾಡ ಜಿಲ್ಲೆಯಲ್ಲಿದ್ದ ಊರು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಹೆಸರು, ನಂಬರು ಬದಲಾಗುವುದು ಇಲ್ಲಿನವರಿಗೆ ಹೊಸದಲ್ಲ.

ಈ ಊರಿನ ಹೆಸರನ್ನು ನಾಡಿಗೆಲ್ಲ ತಿಳಿಸಿದವರು ಮೈಲಾರ ಮಹಾದೇವಪ್ಪ. 1911ರ ಜೂನ್ 8ರಂದು ಇಲ್ಲಿ ಹುಟ್ಟಿದ ಅವರು 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಯವರೆಗೆ ನಡೆದರು. ಆಗ ಅವರಿಗೆ 18 ವರ್ಷ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಇಷ್ಟನ್ನು ಈ ಭಾಗದ ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ದಂಡಿಗೆ ನಡೆದವರ ಪಟ್ಟಿಯಲ್ಲಿ ‘ಮೈಲಾರ’ ಎಂದು ಹುಡುಕಿದರೆ ಅವರು ಸಿಗುವುದಿಲ್ಲ. ಅಲ್ಲಿರುವುದು ‘ಮಹಾದೇವ ಮಾರ್ತಾಂಡ’. ಮುಂಬಯಿ ಪ್ರಾಂತ್ಯದ ರೂಢಿಯಂತೆ ಸ್ವಂತ ಹೆಸರು, ಮುಂದೆ ತಂದೆಯ ಹೆಸರು. ತಂದೆ ಮಾರ್ತಾಂಡಪ್ಪ. ಮಾರ್ತಾಂಡ ಎಂಬುದು ಮೈಲಾರಲಿಂಗನದೇ ಇನ್ನೊಂದು ಹೆಸರೆಂದು ತಿಳಿದವರಿಗೆ ಮಾತ್ರ ಎರಡರ ನಂಟು ಹೊಳೆದೀತು.

ಹುತಾತ್ಮರಾದ, ಸ್ಮಾರಕ ಕಟ್ಟಿಸಿಕೊಂಡ ಒಬ್ಬರನ್ನು ಹುಡುಕುವುದೇ ಹೀಗಾದರೆ, ಅದೇ ಊರಿನ ಒಬ್ಬ ಸಾಮಾನ್ಯ ರೈತನ ಮುತ್ತಜ್ಜನನ್ನು ಹುಡುಕುವುದು ಹೇಗೆ? ಈ ಸೀಮೆಯಲ್ಲಿ ಅಡ್ಡಹೆಸರು ಮನೆಯ ಕಸುಬಿನಿಂದ, ಬಿಟ್ಟು ಬಂದ ಊರಿನಿಂದ, ಮಾರುವ ಸರಕಿನಿಂದ ಹುಟ್ಟುತ್ತದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ, ಹುಬ್ಬಳ್ಳಿ ಎಲ್ಲವೂ ಅಡ್ಡಹೆಸರುಗಳೇ. ಅಣ್ಣ ಒಂದು ಅಡ್ಡಹೆಸರು ಬರೆಸಿ, ತಮ್ಮ ಇನ್ನೊಂದು ಬರೆಸಿದ ಮನೆಗಳೂ ಉಂಟು. ಇಂಥ ಗೋಜಲನ್ನು ಬಿಡಿಸುವವನು ನಮ್ಮಲ್ಲಿ ಒಬ್ಬನೇ. ಅವನು ಹೆಳವ.

ಹೆಳವನ ಬರವು

ಸುಗ್ಗಿ ಮುಗಿದು ಮನೆಯಲ್ಲಿ ಕಾಳುಕಡಿ ತುಂಬಿದ ಹೊತ್ತಿಗೆ, ಬೆಳಗಿನ ಜಾವ ಎತ್ತಿನ ಕೊರಳ ಗಂಟೆ ಕೇಳಿದರೆ ಹೆಳವ ಬಂದನೆಂದು ಅರ್ಥ. ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಹಿಡಿದು ಈಚಿನವರವರೆಗೆ ಹೆಸರುಗಳನ್ನು ರಾಗವಾಗಿ ಹೇಳುತ್ತಾನೆ. ಯಾವ ಊರಿನಿಂದ ಬಂದರು, ಯಾವ ದೇವರ ಒಕ್ಕಲು, ಯಾರು ಕೆರೆ ಕಟ್ಟಿಸಿದರು, ಯಾರು ಕಾಳಗದಲ್ಲಿ ಬಿದ್ದರು, ಯಾವ ತಮ್ಮ ಬೇರೆಯಾಗಿ ಯಾವ ಊರಿಗೆ ಹೋದ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಬಳಿಕ ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದ ಕೂಸುಗಳ ಹೆಸರು ಕೇಳಿ ಬರೆದುಕೊಳ್ಳುತ್ತಾನೆ. ಜೋಳ, ಬಟ್ಟೆ, ರೊಕ್ಕ, ಉಳ್ಳವರ ಮನೆಯಾದರೆ ಹಿತ್ತಾಳೆ ಪಾತ್ರೆಯೋ ಕರುವೋ ಅವನಿಗೆ ಸಲ್ಲುತ್ತದೆ.

‘ಹೆಳವ’ ಎಂದರೆ ಕುಂಟ. ಕಾಲಿಲ್ಲದವನೊಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟು, ಭಕ್ತರ ಮನೆತನಗಳನ್ನು ಕೊಂಡಾಡುತ್ತ ಬಾಳೆಂದು ಹರಸಿದರೆಂಬ ಕಥೆ ಆ ಸಮುದಾಯದಲ್ಲಿದೆ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಸಂಪುಟಗಳನ್ನು ಹೊರತಂದ ಎಡ್ಗರ್ ಥರ್ಸ್ಟನ್ ಹೆಳವರನ್ನು ಗ್ರಾಮಚರಿತ್ರೆಯ ಕಾಪುಗಾರರೆಂದು ಗುರುತಿಸಿದ್ದಾನೆ. ಎತ್ತಿನ ಮೇಲೆ ಕುಳಿತು, ಕಾಲು ಕಾಣದಂತೆ ಕಂಬಳಿ ಹೊದ್ದು ಅವರು ಊರೊಳಗೆ ಬರುತ್ತಿದ್ದುದನ್ನೂ ದಾಖಲಿಸಿದ್ದಾನೆ. ಆ ಎತ್ತಿನ ಬೆನ್ನ ಮೇಲಿನ ಗಂಟಿನಲ್ಲಿ ಒಂದು ಕಾಲಕ್ಕೆ ತಾಳೆಗರಿ, ತಾಮ್ರದ ಪಟಗಳಿದ್ದವು. ಆಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಾಗದದ ಹೊತ್ತಿಗೆಗಳು ಬಂದವು. ಈಗ ಎತ್ತೂ ಅಪರೂಪ. ಬಸ್ಸಿನಲ್ಲಿ, ಮೋಟಾರ್ ಸೈಕಲ್ಲಿನಲ್ಲಿ ಬರುವ ಹೆಳವರೇ ಹೆಚ್ಚು.

ಒಬ್ಬ ಹೆಳವನ ಹತ್ತಿರ ಎಲ್ಲರ ವಂಶಾವಳಿ ಇರುವುದಿಲ್ಲ. ಊರುಗಳು, ಮನೆತನಗಳು ಅವರವರಲ್ಲಿ ಹಂಚಿಕೆಯಾಗಿರುತ್ತವೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲಮನೆಯಂತೆ ಈ ಊರುಗಳೂ ಪಾಲಾಗುತ್ತವೆ. ಹೀಗಾಗಿ ತಮ್ಮ ಮನೆತನದ ಮೂಲ ಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ತಮ್ಮ ಹೆಳವ ಯಾರು ಎಂಬುದನ್ನು. ಅದು ಗೊತ್ತಾಗಬೇಕಾದರೆ ಹಿರಿಯರ ಊರು ಯಾವುದೆಂದು ಗೊತ್ತಿರಬೇಕು. ಊರು ತಪ್ಪಿದರೆ ವಂಶವೂ ತಪ್ಪಿದಂತೆ.

ಮೆಕೆಂಝಿಯ ನಾಡಿನಲ್ಲಿ

ನಮ್ಮ ಊರುಗಳ ಚರಿತ್ರೆಯನ್ನು ಕೂಡಿಹಾಕಿದ ಹೊರಗಿನವರಲ್ಲಿ ದೊಡ್ಡ ಹೆಸರು ಕಾಲಿನ್ ಮೆಕೆಂಝಿಯದು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿ 1783ರಲ್ಲಿ ಭಾರತಕ್ಕೆ ಬಂದ ಈತ ಟಿಪ್ಪುವಿನ ಪತನದ ನಂತರ ಮೈಸೂರಿನ ಸರ್ವೇ ಕೆಲಸ ವಹಿಸಿಕೊಂಡ. ನೆಲ ಅಳೆಯುತ್ತಲೇ ಊರಿನ ಲೆಕ್ಕ ಬರೆಯುವವರಿಂದ, ಹಿರಿಯರಿಂದ ಸ್ಥಳದ ಚರಿತ್ರೆಯನ್ನೂ ಬರೆಸಿಕೊಂಡ. ಅವೇ ಕೈಫಿಯತ್ತುಗಳು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು.

ಈ ಮೆಕೆಂಝಿಯ ನಾಡಿನಲ್ಲಿ ಜನ ತಮ್ಮ ವಂಶವನ್ನು ಹುಡುಕುವುದು ಹೇಗೆ? ಅಲ್ಲಿ ಹೆಳವನಿಲ್ಲ, ಚರ್ಚಿನ ಪುಸ್ತಕವಿದೆ. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ ಊರುಗಳ ಗುಂಪು. ಅಂಥ ಸುಮಾರು 900 ಪ್ಯಾರಿಷ್‌ಗಳಲ್ಲಿ ದೀಕ್ಷಾಸ್ನಾನ, ಮದುವೆ, ಮಣ್ಣುಗಳ ಲೆಕ್ಕ ಬರೆದಿಡುತ್ತಿದ್ದರು. ಉಳಿದಿರುವುದರಲ್ಲಿ ಎಲ್ಲಕ್ಕೂ ಹಳೆಯದು ಎರಲ್ ಎಂಬಲ್ಲಿಯದು, 1553ರಿಂದ ಶುರುವಾಗುತ್ತದೆ. 1855ರಲ್ಲಿ ಸರ್ಕಾರವೇ ಕಡ್ಡಾಯ ನೋಂದಣಿ ಆರಂಭಿಸಿತು. ಚರ್ಚುಗಳಲ್ಲಿದ್ದ ಹಳೆಯ ಪುಸ್ತಕಗಳನ್ನು ಕ್ರಮೇಣ ಎಡಿನ್‌ಬರೋಗೆ ತರಿಸಿಕೊಂಡಿತು.

ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಪಂಥದವರಿಗೆ ಪೂರ್ವಿಕರನ್ನು ಗುರುತಿಸುವುದು ಧರ್ಮದ ಕರ್ತವ್ಯ. ಅವರ ವಂಶಾವಳಿ ಸಂಸ್ಥೆ 1938ರಿಂದ ಲೋಕದ ನಾನಾ ಕಡೆಯ ಇಂಥ ಪುಸ್ತಕಗಳನ್ನು ಮೈಕ್ರೋಫಿಲ್ಮಿಗೆ ಇಳಿಸತೊಡಗಿತು. ಸ್ಕಾಟ್ಲೆಂಡಿನ ಪ್ಯಾರಿಷ್ ಪುಸ್ತಕಗಳೂ ಹೀಗೆ ಸುರುಳಿಯಾದವು. ಸಾಲ್ಟ್ ಲೇಕ್ ನಗರದ ಬಳಿ ಕಗ್ಗಲ್ಲಿನ ಬೆಟ್ಟ ಕೊರೆದು, ತಲೆಯ ಮೇಲೆ ಸುಮಾರು 700 ಅಡಿ ಬಂಡೆಯಿರುವ ನೆಲೆಯಲ್ಲಿ ಸುರುಳಿಗಳನ್ನು ಇಟ್ಟಿದ್ದಾರೆ. ಎಲ್ಲ ದೇಶಗಳದೂ ಸೇರಿ ಅವು ಸುಮಾರು 24 ಲಕ್ಷ.

ಬೆಳ್ಳಿಯ ಕಣದಲ್ಲಿ ಅಜ್ಜನ ಹೆಸರು

ಮೈಕ್ರೋಫಿಲ್ಮ್ ಎಂದರೆ ಸಿನಿಮಾ ರೀಲಿನಂಥದೇ ಒಂದು ಸುರುಳಿ. ಮೇಲೆ ಬೆಳ್ಳಿಯ ಲವಣದ ತೆಳುವಾದ ಲೇಪ. ಪುಟದ ಬಿಳಿ ಭಾಗದಿಂದ ಹೊರಟ ಬೆಳಕು ತಗಲಿದ ಕಡೆ ಆ ಲವಣ ಬೆಳ್ಳಿಯಾಗಿ ಕಪ್ಪಾಗುತ್ತದೆ. ಅಕ್ಷರ ಬಿದ್ದ ಕಡೆ ಬೆಳಕು ಕಡಿಮೆ, ಹಾಗಾಗಿ ಅದು ತಿಳಿಯಾಗಿ ಉಳಿಯುತ್ತದೆ. ಉಳಿದ ಲವಣವನ್ನು ತೊಳೆದು ತೆಗೆದರೆ ಚಿತ್ರ ನಿಲ್ಲುತ್ತದೆ. ಸುಮಾರು 30 ಮೀಟರಿನ ಒಂದು ಸುರುಳಿಯಲ್ಲಿ ಸಾವಿರಕ್ಕೂ ಹೆಚ್ಚು ಪುಟ ಹಿಡಿಸಬಹುದು. ತಂಪಾದ, ಒಣ ಜಾಗದಲ್ಲಿಟ್ಟರೆ ಪಾಲಿಯೆಸ್ಟರ್ ಫಿಲ್ಮು 500 ವರ್ಷ ಬಾಳುತ್ತದೆಂದು ಅಂದಾಜು. ಹಿಂದಿನ ಅಸಿಟೇಟ್ ಫಿಲ್ಮು ಸೆಕೆಗೆ ಕೊಳೆತು ವಿನೆಗರ್ ವಾಸನೆ ಬೀರುತ್ತಿತ್ತು. ಇದರ ದೊಡ್ಡ ಗುಣವೆಂದರೆ ಓದಲು ಒಂದು ದೀಪ, ಒಂದು ಮಸೂರ ಇದ್ದರೆ ಸಾಕು. ಆದರೂ ಕಾಲ ಬದಲಾಯಿತು. ಸುರುಳಿಗಳನ್ನು ಊರೂರಿಗೆ ಕಳಿಸುವ ವ್ಯವಸ್ಥೆ 2017ರಲ್ಲಿ ನಿಂತಿತು. 2021ರಲ್ಲಿ ಸುರುಳಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮುಗಿಯಿತು.

ಫಿಲ್ಮು ತೆಗೆಯುವುದು ಅರ್ಧ ಕೆಲಸ. ಬೇಕಾದ ಸುರುಳಿ ಸಿಗದಿದ್ದರೆ ಅದು ಇದ್ದೂ ಇಲ್ಲದಂತೆ. ಅದಕ್ಕೇ ಕ್ಯಾಟಲಾಗ್. ಆ ಕ್ಯಾಟಲಾಗಿನಲ್ಲಿ ದಾರಿ ತೆರೆಯುವುದು ಮನುಷ್ಯನ ಹೆಸರಿನಿಂದಲ್ಲ, ಊರಿನ ಹೆಸರಿನಿಂದ. ದೇಶ, ಕೌಂಟಿ, ಪ್ಯಾರಿಷ್, ದಾಖಲೆಯ ಬಗೆ, ವರ್ಷ, ಕೊನೆಗೆ ಸುರುಳಿಯ ಸಂಖ್ಯೆ. ಒಂದೇ ಸುರುಳಿಯಲ್ಲಿ ನಾಲ್ಕಾರು ಪುಸ್ತಕಗಳಿದ್ದರೆ ಇದು ಎಷ್ಟನೆಯದು ಎಂಬುದೂ ಅಲ್ಲಿರುತ್ತದೆ. ಅಜ್ಜ ಸ್ಕಾಟ್ಲೆಂಡಿನವನು ಎಂದಷ್ಟೇ ಗೊತ್ತಿದ್ದವನು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಹೆಳವ ಕೇಳುವುದೂ ಅದನ್ನೇ: ಯಾವ ಊರಿನವರು?

ಒಳ್ಳೆಯ ಕ್ಯಾಟಲಾಗು ಇಲ್ಲದ್ದನ್ನೂ ಹೇಳುತ್ತದೆ. ಯಾವ ವರ್ಷದ ಹಾಳೆ ಹರಿದಿದೆ, ಯಾವ ವರ್ಷ ಬರೆದೇ ಇಲ್ಲ ಎಂಬ ಟಿಪ್ಪಣಿ ಸಂಶೋಧಕನಿಗೆ ಬೆಲೆಯುಳ್ಳದ್ದು. 1783ರಲ್ಲಿ ಬ್ರಿಟಿಷ್ ಸರ್ಕಾರ ಪ್ರತಿ ನಮೂದಿಗೆ 3 ಪೆನ್ಸ್ ತೆರಿಗೆ ಹಾಕಿತು. ಅದು ರದ್ದಾದದ್ದು 1794ರಲ್ಲಿ. ಆ ಹನ್ನೊಂದು ವರ್ಷಗಳಲ್ಲಿ ಎಷ್ಟೋ ಬಡವರು ಮಕ್ಕಳ ಹೆಸರು ಬರೆಸಲೇ ಇಲ್ಲ. ಅವರು ಹುಟ್ಟಿದ್ದರು, ಬಾಳಿದ್ದರು. ಪುಸ್ತಕಕ್ಕೆ ಮಾತ್ರ ಬರಲಿಲ್ಲ.

ಪುಸ್ತಕಕ್ಕೆ ಬಾರದವರು

ಈ ಮಾತನ್ನು ಮೋಟೆಬೆನ್ನೂರಿಗೂ ಅನ್ವಯಿಸಿ ನೋಡಬಹುದು. ಇಲ್ಲಿ ಏನೇನು ದಾಖಲೆ ಸಿಕ್ಕೀತು? ಹೊಲದ ಉತಾರವಿದೆ, ಯಾರಿಂದ ಯಾರಿಗೆ ಹೊಲ ಬಂತೆಂಬ ವಾರಸಾ ನಮೂದುಗಳಿವೆ. ಹೊಲವಿಲ್ಲದವನ ಹೆಸರು ಅದರಲ್ಲಿ ಬರುವುದಿಲ್ಲ. ಶಾಲೆಯ ಜನರಲ್ ರಜಿಸ್ಟರ್ ಇದೆ. ಆದರೆ ಅದರಲ್ಲಿ ಜೂನ್ 1ರಂದು ಹುಟ್ಟಿದವರೇ ಜಾಸ್ತಿ! ಕೂಸು ಹುಟ್ಟಿದ ತಾರೀಖು ತಂದೆತಾಯಿಗೆ ನೆನಪಿರದಿದ್ದಾಗ ಹೆಡ್‌ಮಾಸ್ತರರು ಶಾಲೆ ಶುರುವಾಗುವ ತಿಂಗಳಿಗೆ ಹೊಂದಿಸಿ ಬರೆದ ಜನ್ಮದಿನ ಅದು. ಜನನ–ಮರಣ ನೋಂದಣಿ ದೇಶಕ್ಕೆಲ್ಲ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ. 1956ಕ್ಕಿಂತ ಹಿಂದಿನ ಸರ್ಕಾರಿ ಕಾಗದ ಹುಡುಕುವವರು ಮುಂಬಯಿ ರಾಜ್ಯ, ಧಾರವಾಡ ಜಿಲ್ಲೆ ಎಂದೇ ಹುಡುಕಬೇಕು. ಅಲ್ಲಿ ಹಾವೇರಿ ಜಿಲ್ಲೆ ಇರುವುದಿಲ್ಲ.

ಇವೆಲ್ಲಕ್ಕಿಂತ ಹಿಂದಕ್ಕೆ ಕರೆದೊಯ್ಯುವುದು ಹೆಳವನ ಪುಸ್ತಕವೇ. ಹರಿದ್ವಾರದ ಪಂಡಾಗಳ ವಂಶಾವಳಿ ಬಹಿಗಳನ್ನು ಫಿಲ್ಮು ಮಾಡಿದ ಯೂಟಾದ ಸಂಸ್ಥೆಯೇ ಈಚಿನ ವರ್ಷಗಳಲ್ಲಿ ಕರ್ನಾಟಕದ ಹೆಳವರ ಪುಸ್ತಕಗಳ ಚಿತ್ರ ತೆಗೆಯುವ ಕೆಲಸಕ್ಕೂ ಕೈಹಾಕಿದೆ. ಇದು ಒಳ್ಳೆಯ ಕೆಲಸವೇ. ಗೆದ್ದಲು, ಮಳೆ, ಬೆಂಕಿಗೆ ಸಿಕ್ಕಿ ಹೋಗುವುದಕ್ಕಿಂತ ಚಿತ್ರವಾಗಿಯಾದರೂ ಉಳಿಯಲಿ. ಹೆಳವರ ಮಕ್ಕಳು ಓದಿ ನೌಕರಿ ಹಿಡಿಯುತ್ತಿದ್ದಾರೆ. ಮನೆ ಮನೆ ತಿರುಗುವುದು ಬೇಡುವ ಕಸುಬೆಂದು ಅವರಿಗೆ ಅನ್ನಿಸಿದರೆ ತಪ್ಪೆನ್ನಲಾಗದು. ಕೊಡುವ ಮನೆಗಳೂ ಕಡಿಮೆಯಾಗಿವೆ.

ಆದರೆ ಚಿತ್ರ ತೆಗೆದ ದಿನಕ್ಕೆ ಆ ಪುಸ್ತಕ ನಿಂತುಹೋಗುತ್ತದೆ. ಹೆಳವ ಮನೆಗೆ ಬಂದು ಕೇಳಿದಾಗಷ್ಟೇ ಅದು ಬೆಳೆಯುತ್ತದೆ. ಅದರಲ್ಲಿರುವ ಕೊರತೆಯೂ ಚಿತ್ರದಿಂದ ತುಂಬುವುದಿಲ್ಲ. ಎಲ್ಲ ಜಾತಿಯ ಮನೆಗಳಿಗೂ ಹೆಳವರಿಲ್ಲ. ಇರುವ ಮನೆಗಳಲ್ಲೂ ಸಾಮಾನ್ಯವಾಗಿ ಗಂಡುಮಕ್ಕಳ ಸಾಲೇ ಮುಂದುವರಿಯುತ್ತದೆ. ಹುಟ್ಟಿದ ಹೆಣ್ಣುಮಗಳು ಮದುವೆಯಾಗಿ ಹೋದಳೆಂದರೆ ಪುಸ್ತಕದಿಂದಲೂ ಹೋದಂತೆ. ಈ ಒಂದು ವಿಷಯದಲ್ಲಿ ಸ್ಕಾಟ್ಲೆಂಡಿನವರನ್ನು ಮೆಚ್ಚಬೇಕು. ಅಲ್ಲಿ ಮದುವೆಯಾದ ಹೆಂಗಸಿನ ತವರಿನ ಹೆಸರನ್ನು ದಾಖಲೆಗಳಲ್ಲಿ ಬಿಡುತ್ತಿರಲಿಲ್ಲ. 1855ರ ನಂತರ ಮರಣದ ನೋಂದಣಿಯಲ್ಲೂ ಸತ್ತವರ ತಾಯಿಯ ತವರಿನ ಅಡ್ಡಹೆಸರನ್ನು ಬರೆಯುವ ಪದ್ಧತಿ ಬಂತು.

ಇದು ಬರೀ ಕುತೂಹಲದ ಮಾತಲ್ಲ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ಆಮೇಲೆ ದೇಶಕ್ಕೆಲ್ಲ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟವು. ಹಿರಿಯರು ತೀರಿಕೊಂಡಾಗ ವಾರಸಾ ಹಚ್ಚಿಸಲು ವಂಶವೃಕ್ಷ ಬೇಕು. ಅದರಲ್ಲಿ ಅಕ್ಕತಂಗಿಯರ ಹೆಸರು ‘ಮರೆತು’ ಹೋದದ್ದರಿಂದ ಕೋರ್ಟಿನ ಮೆಟ್ಟಿಲು ಹತ್ತಿದ ಮನೆಗಳು ಯಾವ ತಾಲ್ಲೂಕಿನಲ್ಲಿಲ್ಲ?

ಹೆಳವ ಬಂದಾಗ ಕಟ್ಟೆಯ ಮೇಲೆ ಕುಳಿತ ಅಜ್ಜಿಯರು ಕೇಳುವ ಮಾತು ಹೀಗಿರುತ್ತದೆ: “ಯಪ್ಪಾ, ನಮ್ಮ ಮಾವನೋರ ಅಪ್ಪನ ಹೆಸರು ಹೇಳಿದಿ. ಅವರ ಅವ್ವನ ಹೆಸರು ಏನಿತ್ತು?” ಹೆಳವ ಹಾಳೆ ತಿರುವುತ್ತಾನೆ. “ಅದು ಬರದಿಲ್ಲವ್ವಾ. ಆಗ ಯಾರೂ ಹೇಳಲಿಲ್ಲ, ನಮ್ಮ ಹಿರೇರು ಕೇಳಲಿಲ್ಲ.”

ಹೋದದ್ದು ಹೋಯಿತು. ಇನ್ನು ಮುಂದಾದರೂ ಹೇಳಬಹುದಲ್ಲ? ಹೆಳವ ಬರುವ ಮನೆಯಾದರೆ ಅವನ ಪುಸ್ತಕದಲ್ಲಿ, ಬಾರದ ಮನೆಯಾದರೆ ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ, ಊರಿನ ಹೆಸರು, ತಾರೀಖು ಸಹಿತ ಬರೆದಿಡಬಹುದು. ಮೂಲೆಯ ಮನೆಯ ಅಜ್ಜಿ ಇರುವಾಗಲೇ ಕೇಳಿ ಬರೆಯಬೇಕು. ಈ ಸುಗ್ಗಿಗೆ ಹೆಳವ ಬಂದರೆ ಜೋಳದ ಜೊತೆಗೆ ಮನೆಯ ಹೆಣ್ಣುಮಕ್ಕಳ ಹೆಸರುಗಳನ್ನೂ ಅವನಿಗೆ ಕೊಟ್ಟು ಕಳಿಸಬೇಕು.