ಕೂಡಿ ಬರೆದ ನಕ್ಷೆಗಳು

ಶಾಲೆಯ ಸೂಚನೆಗಳನ್ನು ಪೋಷಕರಿಗೆ ಮೊಬೈಲಿನಲ್ಲಿ ತಿಳಿಸುವ ಆ್ಯಪ್ ಒಂದನ್ನು ಮಾಡಿಸಬೇಕೆಂದು ನಾವು ನಿಶ್ಚಯಿಸಿದಾಗ, ಅದರ ರೂಪವನ್ನು ಯಾರು ನಿರ್ಣಯಿಸತಕ್ಕದ್ದೆಂಬ ಪ್ರಶ್ನೆಯು ಹುಟ್ಟಿತು. ತಂತ್ರಾಂಶದ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಮಾತಿಗೆ ಮೊದಲು ಎಲ್ಲರೂ ಕೂಡಿ ಚಿತ್ರ ಬರೆಯೋಣವೆಂದಳು.

ಅದರ ಕ್ರಮವು ಇಂತಿರುವುದು. ಕಾಗದವನ್ನು ಮೂರು ಸಾರಿ ಮಡಿಸಿ ಬಿಡಿಸಿದರೆ 8 ಮನೆಗಳಾಗುವುವು. ಮನೆಗೊಂದರಂತೆ 8 ನಿಮಿಷಗಳಲ್ಲಿ 8 ಚಿತ್ರಗಳನ್ನು ಗೀಚಬೇಕು. ಜೇಕ್ ನ್ಯಾಪ್ ಮೊದಲಾದವರು 2016ರಲ್ಲಿ ಪ್ರಕಟಿಸಿದ 'ಸ್ಪ್ರಿಂಟ್' ಎಂಬ ಗ್ರಂಥದಲ್ಲಿ ಇದಕ್ಕೆ 'ಕ್ರೇಜಿ ಏಟ್ಸ್' ಎಂದು ಹೆಸರು. ಕರಡು ಚಿತ್ರವು ಬೇಗನೆ ಆಗತಕ್ಕದ್ದು, ಅಗ್ಗದ್ದು, ಎಸೆಯಲು ನೋವಿಲ್ಲದ್ದಾಗಿರಬೇಕೆಂದು ಬಿಲ್ ಬಕ್ಸ್‌ಟನ್ ಎಂಬವರು 2007ರಲ್ಲಿಯೇ ಬರೆದಿರುವರು. ನಿಜವೇ, ಅಂದವಾಗಿ ಮುಗಿಸಿದ ಚಿತ್ರವನ್ನು ತಿದ್ದೆನ್ನಲು ಯಾರಿಗೂ ಬಾಯಿ ಬಾರದು. (ನಮ್ಮ ಚಿತ್ರಕಲೆಯ ಉಪಾಧ್ಯಾಯಿನಿಯವರು ಮನ್ನಿಸಬೇಕು.)

ಮೇಜಿನ ಸುತ್ತ ಉಪಾಧ್ಯಾಯಿನಿಯರಿಬ್ಬರು, ಕಚೇರಿಯ ಗುಮಾಸ್ತರು, ಒಂಬತ್ತನೆಯ ತರಗತಿಯ ಹುಡುಗಿಯರು ಮೂವರು, ತಾಯಿಯೊಬ್ಬರು. ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಬಾಯ್ದೆರೆದರೆ ಉಳಿದವರು ತಲೆದೂಗುವುದು ವಾಡಿಕೆಯಷ್ಟೆ. ಇಲ್ಲಿಯಾದರೋ ಹೆಸರಿಲ್ಲದ ಕಾಗದಗಳು ಗೋಡೆಯ ಮೇಲೇರಿದುವು, ಮೆಚ್ಚಿದ ಮನೆಗೆ ಪ್ರತಿಯೊಬ್ಬರೂ ಮೌನವಾಗಿ ಚುಕ್ಕೆಗಳನ್ನಿಟ್ಟರು. ನಮ್ಮ ಕಾಗದಕ್ಕೆ ಒಂದೇ ಚುಕ್ಕೆ ಲಭಿಸಿತು. ಎಲ್ಲಕ್ಕೂ ಹೆಚ್ಚು ಬಿದ್ದುದು, ಗಂಟೆಯೊಂದು, ಅದರ ಕೆಳಗೆ ತೆರೆದ ಬಾಯೊಂದು, ಇಷ್ಟೇ ಇದ್ದ ಮನೆಗೆ.

ಬರೆದವರು ಆ ತಾಯಿ. ಗಂಟೆಯನ್ನೊತ್ತಿದರೆ ಸೂಚನೆಯು ಕನ್ನಡದಲ್ಲಿ ಕೇಳಿಸಬೇಕೆಂಬುದು ಅವರ ಅಭಿಪ್ರಾಯ. "ಓದು ಬಾರದ ನಾವು ಮಗಳಿಂದಲೇ ಓದಿಸಬೇಕು. ತಾನು ಶಾಲೆ ತಪ್ಪಿಸಿದ್ದನ್ನು ಅವಳು ತಾನೇ ಓದಿ ಹೇಳುವಳೇ, ಅಮ್ಮಾ?" ಎಂದರು.

ಹುಡುಗಿಯರು ಮೂವರೂ ನೆಲವನ್ನು ನೋಡಿದರು.