ಗವಿಯೊಳಗೆ ಬರುವ ಸೂರ್ಯ

ಬೆಂಗಳೂರಿನ ಬಸವನಗುಡಿಗೆ ಹೊಂದಿಕೊಂಡಿರುವ ಗವೀಪುರದಲ್ಲಿ ಬಂಡೆಯನ್ನು ಕೊರೆದು ಮಾಡಿದ ಗುಹಾಲಯವೊಂದಿದೆ. ಅದು ಗವಿ ಗಂಗಾಧರೇಶ್ವರನ ಸನ್ನಿಧಿ. 16ನೆಯ ಶತಮಾನದಲ್ಲಿ ಕೆಂಪೇಗೌಡರು ಇದನ್ನು ವಿಸ್ತರಿಸಿ ಕಟ್ಟಿಸಿದರೆಂದು ಹೇಳುತ್ತಾರೆ. ಹೊರಗಿನ ಬಿಸಿಲಿನಿಂದ ಒಳಹೊಕ್ಕವರಿಗೆ ಮೊದಲು ಎದುರಾಗುವುದು ಕತ್ತಲೆಯೇ. ಕಣ್ಣಿನ ಪಾಪೆ ಹಿಗ್ಗಿ ಮಂದ ಬೆಳಕಿಗೆ ಒಗ್ಗಲು ಸ್ವಲ್ಪ ಹೊತ್ತು ಬೇಕು. ಗುಹೆಯ ಚಾವಣಿ ತಗ್ಗು; ಪ್ರದಕ್ಷಿಣೆಗೆ ಹೊರಟವರು ತಲೆ ಬಾಗಿಸಲೇಬೇಕು. ವಿದ್ಯುದ್ದೀಪ ಬಂದ ಮೇಲೂ ಅರ್ಚಕರು ಮಂಗಳಾರತಿ ಎತ್ತಿದಾಗಲೇ ಜನರ ಕೈಗಳು ತಾವಾಗಿ ಜೋಡಿಕೊಳ್ಳುತ್ತವೆ. ಬೆಳಕಿನಲ್ಲಿ ದೇವರನ್ನು ಕಂಡು, ಅದೇ ಬೆಳಕನ್ನು ಅಂಗೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾರೆ. ಕರ್ಪೂರ ಬೂದಿಯುಳಿಸದೆ ಉರಿದುಹೋಗುವ ವಸ್ತು. ‘ನಾನು’ ಎಂಬುದೂ ಹಾಗೆಯೇ ಕರಗಲಿ ಎಂಬುದು ಆರತಿಗೆ ಹಿರಿಯರು ಕೊಟ್ಟ ಅರ್ಥ.

ಈ ಗುಡಿ ಹೆಸರಾಗಿರುವುದು ಮಾತ್ರ ಇನ್ನೊಂದು ಬೆಳಕಿನಿಂದ. ಮಕರ ಸಂಕ್ರಾಂತಿಯ ಸಂಜೆ ಐದು ಗಂಟೆ ದಾಟಿದ ಮೇಲೆ, ನೈರುತ್ಯಕ್ಕೆ ಇಳಿಯುತ್ತಿರುವ ಸೂರ್ಯನ ಕಿರಣ ಕಮಾನಿನ ಮೂಲಕ ಹಾದು, ನಂದಿಯ ಕೊಂಬುಗಳ ನಡುವೆ ನುಸುಳಿ ಲಿಂಗವನ್ನು ಮುಟ್ಟುತ್ತದೆ. ಕೆಲವೇ ನಿಮಿಷಗಳ ಆ ಹೊತ್ತಿನಲ್ಲಿ ಅಭಿಷೇಕ ನಡೆಯುತ್ತದೆ. ಅದನ್ನು ನೋಡಲು ಬರುವ ಜನಕ್ಕೆ ಗುಡಿಯೊಳಗೆ ಜಾಗ ಸಾಲದು.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಬೆಂಗಳೂರಿನ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರ ಅಧ್ಯಯನ 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೂರ್ಯ ಈ ಗವಿಯೊಳಗೆ ಬರುವುದು ವರ್ಷಕ್ಕೊಂದು ಸಲವಲ್ಲ, ಎರಡು ಸಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಒಮ್ಮೆ, ನವೆಂಬರ್ ಕೊನೆಯಲ್ಲಿ ಇನ್ನೊಮ್ಮೆ. ಕಾರಣ ಸರಳ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ಕೊನೆಯನ್ನು ಮುಟ್ಟಿ ಹಿಂದಿರುಗುತ್ತಾನೆ. ಅಲ್ಲಿಂದ 24 ದಿನ ಮುಂದೆ ಎಣಿಸಿದರೆ ಜನವರಿ 14. 24 ದಿನ ಹಿಂದೆ ಎಣಿಸಿದರೆ ನವೆಂಬರ್ 27. ಎರಡು ದಿನವೂ ಆಕಾಶದಲ್ಲಿ ಅವನ ದಾರಿ ಹೆಚ್ಚುಕಡಿಮೆ ಒಂದೇ.

ನವೆಂಬರಿನಲ್ಲೂ ಅದೇ ಸೂರ್ಯ, ಅದೇ ಲಿಂಗ. ಆದರೆ ಸಂಕ್ರಾಂತಿಯ ಜನಜಂಗುಳಿ ಆಗ ಇರುವುದಿಲ್ಲ. ಹಾಗಾದರೆ ಪವಿತ್ರವಾದುದು ಬೆಳಕೋ, ಅದಕ್ಕಾಗಿ ಕಾದುನಿಂತ ಮನಸ್ಸೋ?

ಈ ಪ್ರಶ್ನೆಗೆ ಉತ್ತರದ ಸುಳಿವು ದೇವಾಲಯದಲ್ಲೇ ಇದೆ ಎನ್ನಬೇಕು. ಅಂಗಳದಲ್ಲಿ ತ್ರಿಶೂಲ, ಡಮರುಗಳ ಜೊತೆಗೆ ಸೂರ್ಯಪಾನ, ಚಂದ್ರಪಾನ ಎಂಬ ಎರಡು ದೊಡ್ಡ ಕಲ್ಲಿನ ತಟ್ಟೆಗಳು ಏಕಶಿಲಾ ಕಂಬಗಳ ಮೇಲೆ ನಿಂತಿವೆ. ಒಳಗೆ ಎರಡು ತಲೆ, ಏಳು ಕೈ, ಮೂರು ಕಾಲುಗಳ ಅಪರೂಪದ ಅಗ್ನಿಮೂರ್ತಿಯಿದೆ. ಸೂರ್ಯ, ಚಂದ್ರ, ಅಗ್ನಿ: ಇದೇ ಕ್ರಮ ಬೃಹದಾರಣ್ಯಕ ಉಪನಿಷತ್ತಿನಲ್ಲೂ ಬರುತ್ತದೆ. ಮನುಷ್ಯನಿಗೆ ಬೆಳಕು ಯಾವುದೆಂದು ಜನಕರಾಜ ಯಾಜ್ಞವಲ್ಕ್ಯರನ್ನು ಕೇಳುತ್ತಾನೆ. ಸೂರ್ಯನೆಂದು ಉತ್ತರ. ಸೂರ್ಯ ಮುಳುಗಿದರೆ? ಚಂದ್ರ. ಚಂದ್ರನೂ ಮುಳುಗಿದರೆ? ಬೆಂಕಿ. ಬೆಂಕಿಯೂ ಆರಿದರೆ ಮಾತು. ಮಾತೂ ನಿಂತರೆ ಆತ್ಮವೇ ಅವನಿಗೆ ಬೆಳಕು. ಗುಡಿ ಕಟ್ಟಿದವರ ಮನಸ್ಸಿನಲ್ಲಿ ಇದೇ ಇತ್ತೆಂದು ಸಾಧಿಸಬೇಕಾಗಿಲ್ಲ. ಅಂಗಳದಿಂದ ಗವಿಯ ಒಳಕ್ಕೆ ನಡೆಯುವವನು ಹೊರಗಿನ ಬೆಳಕುಗಳನ್ನು ಒಂದೊಂದಾಗಿ ಹಿಂದೆ ಬಿಟ್ಟು ಹೋಗುತ್ತಾನೆ ಎಂಬುದಂತೂ ನಿಜ.

ಜನಕನ ಪ್ರಶ್ನೆ 2021ರ ಸಂಕ್ರಾಂತಿಯಂದು ಗವೀಪುರದಲ್ಲಿ ನಿಜವಾಗಿಯೇ ಎದುರಾಯಿತು. ಅಂದು ಮೋಡ ಮುಸುಕಿ ಕಿರಣ ಲಿಂಗವನ್ನು ಮುಟ್ಟಲಿಲ್ಲ. ಕೊರೋನಾ ಸಂಕಟದಿಂದ ಮೊದಲೇ ಕಂಗೆಟ್ಟಿದ್ದ ಜನರಲ್ಲಿ, ಇದು ಯಾವ ಕೇಡಿನ ಸೂಚನೆಯೋ ಎಂಬ ಮಾತು ಹುಟ್ಟಿತು. ಸೂರ್ಯನೇನೋ ತಪ್ಪದೆ ತನ್ನ ದಾರಿಯಲ್ಲೇ ಸಾಗಿದ್ದ. ಅಡ್ಡ ಬಂದದ್ದು ಬರಿಯ ನೀರಹನಿಗಳ ಮೋಡ. ಮೋಡಕ್ಕೆ ಶಾಪ ಕೊಡುವ ಶಕ್ತಿಯಿಲ್ಲ. ಆದರೂ ಕಾದುನಿಂತವರ ಕಳವಳ ಸುಳ್ಳಲ್ಲ. ಅದಕ್ಕೆ ಸಮಾಧಾನ ಪಂಚಾಂಗದಲ್ಲಿ ಸಿಗುವುದಿಲ್ಲ, ಆರತಿಯ ತಟ್ಟೆಯಲ್ಲಿ ಸಿಗುತ್ತದೆ. ಆಕಾಶದ ಬೆಳಕು ಬರುವುದು ನಮ್ಮ ಕೈಯಲ್ಲಿಲ್ಲ, ಹಣತೆ ಹಚ್ಚುವುದು ನಮ್ಮ ಕೈಯಲ್ಲಿದೆ. ದೀಪ ಹಚ್ಚುವ ಆಚಾರ ಇಷ್ಟು ಕಾಲ ಉಳಿದು ಬಂದಿರುವುದು ಬಹುಶಃ ಇದಕ್ಕಾಗಿಯೇ.

ಗವಿ ಗಂಗಾಧರೇಶ್ವರನನ್ನು ನಿಧಾನವಾಗಿ ನೋಡಬಯಸುವವರು ನವೆಂಬರ್ ಕೊನೆಯ ವಾರದ ಒಂದು ಸಂಜೆ ಅಲ್ಲಿಗೆ ಹೋಗಬಹುದು. ಬಾನು ತಿಳಿಯಾಗಿದ್ದರೆ ಸೂರ್ಯನೂ ಬರುತ್ತಾನೆ. ಇಲ್ಲದಿದ್ದರೆ ಕರ್ಪೂರದ ಆರತಿಯಂತೂ ಇದ್ದೇ ಇರುತ್ತದೆ.