ಹಲಗೆಯೋ? ಧರೆಯೋ?

ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಏರಿನಲ್ಲಿ ಗೊಬ್ಬರದ ಚೀಲ ಸಾಗಿಸೋಕೆ ಎಟಿವಿ ಇದೆ. ಅದಕ್ಕೆ ನೋಂದಣಿ ಇಲ್ಲ, ಡಾಂಬರು ರಸ್ತೆಗೆ ಇಳಿಸುವ ಹಾಗಿಲ್ಲ. ರಿಪೇರಿಗೆ ಅಂದರೆ ಹಾಸನಕ್ಕೆ ಸುಮಾರು 40 ಕಿ.ಮೀ. ಪಿಕಪ್ ಮೇಲೇ ಅದರ ಸವಾರಿ!

ಟ್ರೇಲರ್ ತಗೊಳ್ಳೋಣ ಅಂತ ಮಗನ ಹಟ. ಏರಿಸೋದು ಸುಲಭ, ನಿಜ. ಆದರೆ ತೋಟದ ತಿರುವುಗಳಲ್ಲಿ ಅದನ್ನು ರಿವರ್ಸ್ ತೆಗೆಯೋರು ಯಾರು? "ಎರಡು ಹಲಗೆ ಸಾಕು ಕಣೇ" ಅಂದರು ಯಜಮಾನರು. ನನ್ನ ಭಯ ಇದ್ದದ್ದೇ ಅಲ್ಲಿ. ಚಕ್ರದ ರಭಸಕ್ಕೆ ಹಲಗೆ ಜಾರಿದರೆ 300 ಕೆ.ಜಿ. ಗಾಡಿ ಸವಾರನ ಮೇಲೇ ಮಗುಚೀತು. ಇವರಿಗೀಗ 62.

ಕೊನೆಗೆ ಒಪ್ಪಿಗೆಯಾದದ್ದು ಕಣದ ಪಕ್ಕದ ಗಟ್ಟಿ ಧರೆ. ಅದು ಪಿಕಪ್ಪಿನ ತಳದಷ್ಟೇ ಎತ್ತರ. ಹಿಂದಿನ ಬಾಗಿಲು ಇಳಿಸಿ ಧರೆಗೆ ತಾಗಿಸಿ ನಿಲ್ಲಿಸಿದರೆ ಎಟಿವಿ ಏರಬೇಕಾಗಿಯೇ ಇಲ್ಲ, ನೇರ ಒಳಗೆ ಹೋಗುತ್ತೆ. ಗೇರಿಗೆ ಹಾಕಿ, ಬ್ರೇಕ್ ಲಾಕ್ ಮಾಡಿ, ನಾಲ್ಕೂ ಮೂಲೆಗೆ ಬೆಲ್ಟ್ ಬಿಗಿಯುತ್ತೇವೆ. ಸ್ವಲ್ಪ ದೂರ ಹೋದಮೇಲೆ ಇಳಿದು ಬಿಗಿ ನೋಡೋದು ನನ್ನ ಪಾಲಿನ ಕೆಲಸ. ಪುಣ್ಯಕ್ಕೆ ಹಾಸನದ ಗ್ಯಾರೇಜಿನ ಹಿಂದೆಯೂ ಒಂದು ದಿಬ್ಬ ಇದೆ.

ಮಳೆಗಾಲದಲ್ಲಿ ಮಾತ್ರ ಈ ಉಪಾಯ ಬೇಡ, ನೆನೆದ ಧರೆಯನ್ನು ನಂಬೋ ಹಾಗಿಲ್ಲ. ಉಳಿದ ದಿನಗಳಲ್ಲಿ, ಹಲಗೆ ಹುಡುಕುವ ಮೊದಲು ಪಿಕಪ್ ಎಲ್ಲಿ ನಿಲ್ಲಿಸಬಹುದು ಅಂತ ಒಮ್ಮೆ ಸುತ್ತ ಕಣ್ಣಾಡಿಸಿ.